ಬೋಳು ನೆಲ, ಮೊಳೆತ ಬೀಜ

2012ರ ಜುಲೈ 8ರಂದು ವಿಂಬಲ್ಡನ್ ಫೈನಲ್‌ನಲ್ಲಿ ರೋಜರ್ ಫೆಡರರ್ ಆ್ಯಂಡಿ ಮರ್ರೆಯನ್ನು ಸೋಲಿಸಿದ ಹೊತ್ತಿಗೆ ಸೆಂಟರ್ ಕೋರ್ಟಿನ ಬೇಸ್‌ಲೈನ್ ಹಿಂದೆ ಹೇಳಿಕೊಳ್ಳುವಂಥ ಹುಲ್ಲು ಉಳಿದಿರಲಿಲ್ಲ. ಎರಡು ವಾರ ಆಟಗಾರರು ಓಡಿ, ಜಾರಿ, ಕಾಲು ತಿರುವಿ ನೆಲ ಕಂದಾಗಿತ್ತು. ಪ್ರತಿ ವರ್ಷವೂ ಹೀಗೇ ಆಗುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮುಂದಿನ ಟೂರ್ನಿಗೆ ಹನ್ನೊಂದು ತಿಂಗಳ ಮೇಲೆ ಸಮಯವಿರುತ್ತದೆ. ಆ ವರ್ಷ ಮಾತ್ರ ಲಂಡನ್ ಒಲಿಂಪಿಕ್ಸ್‌ನ ಟೆನಿಸ್ ಕೂಡ ಅದೇ ಅಂಗಳದಲ್ಲಿ ಜುಲೈ 28ಕ್ಕೆ ಶುರುವಾಗಬೇಕಿತ್ತು. ನಡುವೆ ಇದ್ದದ್ದು ಇಪ್ಪತ್ತು ದಿನ. ಅಷ್ಟರಲ್ಲಿ ಬೋಳು ನೆಲದ ಮೇಲೆ ಹುಲ್ಲು ಬರಬೇಕು, ಅದರ ಮೇಲೆ ಮತ್ತೆ ಜಗತ್ತಿನ ಅತಿವೇಗದ ಕಾಲುಗಳು ಓಡಬೇಕು. ಅಲ್ಲಿನ ಮುಖ್ಯ ಮೈದಾನಪಾಲಕ ಎಡ್ಡಿ ಸೀವರ್ಡ್ ಮತ್ತು ಅವರ ತಂಡ ಆ ಜಾಗಕ್ಕೆ ಹಾಕಿದ್ದು ಮೊದಲೇ ಮೊಳಕೆ ಬರಿಸಿದ ಬೀಜ.

ಹುಲ್ಲು ಅಷ್ಟು ಸುಲಭಕ್ಕೆ ಸಾಯುವ ಜಾತಿಯಲ್ಲ. ಬೇರೆ ಗಿಡಗಳು ತುದಿಯಿಂದ ಬೆಳೆದರೆ ಹುಲ್ಲಿನ ಬೆಳವಣಿಗೆಯ ಜಾಗ ಇರುವುದು ಬುಡದಲ್ಲಿ, ನೆಲಕ್ಕೆ ತಾಗಿಕೊಂಡಂತೆ. ಎಲೆಯೂ ಕೆಳಗಿನಿಂದಲೇ ಮೇಲಕ್ಕೆ ಬೆಳೆದು ಬರುತ್ತದೆ. ದನ ಮೇದರೂ ಯಂತ್ರ ಕತ್ತರಿಸಿದರೂ ಅದು ಮತ್ತೆ ಚಿಗುರುವುದಕ್ಕೆ ಇದೇ ಕಾರಣ. ವಿಂಬಲ್ಡನ್ನಿನಲ್ಲಿ ಅದನ್ನು ಬರೀ 8 ಮಿಲಿಮೀಟರಿಗೆ ಕತ್ತರಿಸಿ ಇಡುತ್ತಾರೆ. ಆದರೆ ಶೂ ತಿರುಗಿ ಬುಡವೇ ಜಜ್ಜಿಹೋದರೆ ಚಿಗುರಲು ಏನೂ ಉಳಿಯುವುದಿಲ್ಲ. ಅದರ ಮೇಲೆ ಇನ್ನೊಂದು ಪೆಟ್ಟು: ಚೆಂಡು ಸರಿಯಾಗಿ ಪುಟಿಯಲೆಂದು ಟೂರ್ನಿಯ ಹೊತ್ತಿಗೆ ಜೇಡಿನೆಲವನ್ನು ಒಣಗಿಸಿ ಗಟ್ಟಿ ಮಾಡಿರುತ್ತಾರೆ. ತುಳಿತಕ್ಕೆ ಮಣ್ಣಿನ ಕಣಗಳ ನಡುವಿನ ಸಂದು ಮುಚ್ಚುತ್ತದೆ, ಬೇರಿಗೆ ಬೇಕಾದ ಆಮ್ಲಜನಕವೂ ನೀರೂ ಒಳಗೆ ಇಳಿಯುವುದಿಲ್ಲ.

ಅಲ್ಲಿ ಬೆಳೆಸುವುದು ಬಹುವಾರ್ಷಿಕ ರೈಗ್ರಾಸ್ ಎಂಬ ಹುಲ್ಲು. 2001ಕ್ಕೆ ಮುಂಚೆ ಅದರ ಜತೆ ಫೆಸ್ಕ್ಯೂ ಎಂಬ ಇನ್ನೊಂದನ್ನು ಬೆರೆಸುತ್ತಿದ್ದರು. ಆಮೇಲೆ ಪೂರ್ತಿ ರೈಗ್ರಾಸ್. ತುಳಿತ ತಾಳುವುದರಲ್ಲಿ ಇದು ಗಟ್ಟಿಗ, ಬೇಗ ಮೊಳೆಯುವುದರಲ್ಲೂ ಮುಂದು. ಒಂದು ದೊಡ್ಡ ಕೊರತೆಯೂ ಇದಕ್ಕಿದೆ. ಇದು ಗುಚ್ಛವಾಗಿ ಬೆಳೆಯುವ ಹುಲ್ಲು, ಬಳ್ಳಿ ಚಾಚುವುದಿಲ್ಲ. ಪಕ್ಕದಲ್ಲಿ ಬೋಳಾದರೆ ಅತ್ತ ಹಬ್ಬಿ ಮುಚ್ಚುವ ಶಕ್ತಿ ಇದಕ್ಕಿಲ್ಲ. ಅಲ್ಲಿಗೆ ಬೀಜವನ್ನೇ ತಂದು ಹಾಕಬೇಕು.

ಒಣ ಬೀಜ ನೀರು ಹೀರಿ ಉಬ್ಬಿದ ಮೇಲೆ ಒಳಗಿನ ಭ್ರೂಣ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಹೊರಗೆ ಕಳಿಸುತ್ತದೆ. ಸಿಪ್ಪೆಯ ಕೆಳಗೆ ಒಂದು ತೆಳುವಾದ ಜೀವಕೋಶಗಳ ಪದರವಿದೆ. ಹಾರ್ಮೋನು ತಲುಪಿದ್ದೇ ಅದು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸತೊಡಗುತ್ತದೆ. ಬೀಜದ ಹಿಟ್ಟು ಸಕ್ಕರೆಯಾಗುತ್ತದೆ, ಆ ಸಕ್ಕರೆಯೇ ಮೊದಲ ಬೇರಿಗೆ ಬುತ್ತಿ. ಮೊಳಕೆ ಕಟ್ಟಿದ ರಾಗಿಯ ಮಾಲ್ಟ್ ಹಸಿ ರಾಗಿ ಹಿಟ್ಟಿಗಿಂತ ಸಿಹಿಯಾಗಿರುವುದು ಈ ಕಿಣ್ವದ ಕೆಲಸದಿಂದಲೇ. ಮಣ್ಣಿನಲ್ಲಿ ಬಿದ್ದ ರೈಗ್ರಾಸ್ ಬೀಜ ಇಷ್ಟನ್ನೆಲ್ಲ ಮುಗಿಸಿ ತಲೆ ಎತ್ತಲು ಒಳ್ಳೆಯ ಹದದಲ್ಲೂ ಐದರಿಂದ ಹತ್ತು ದಿನ ತೆಗೆದುಕೊಳ್ಳುತ್ತದೆ. ಇಪ್ಪತ್ತು ದಿನದಲ್ಲಿ ಹತ್ತು ಹೋದರೆ ಉಳಿದದ್ದೆಷ್ಟು?

ಆದ್ದರಿಂದ ಆ ದಿನಗಳನ್ನು ಕೋರ್ಟಿನ ಹೊರಗೇ ಕಳೆದುಬಿಡಬೇಕು. ಬೀಜವನ್ನು ನೆನೆಹಾಕಿ, ನೀರು ಬಸಿದು, ಬೆಚ್ಚಗೆ ತೇವದಲ್ಲಿಟ್ಟು, ಬಿಳಿ ಮೂತಿ ಕಾಣುವ ಹೊತ್ತಿಗೆ ಒಣ ಮರಳಿನಲ್ಲಿ ಬೆರೆಸಿ ಎರಚುವುದು. ಮರಳು ಬೇಕು, ಏಕೆಂದರೆ ಮೊಳೆತ ಬೀಜ ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗುತ್ತದೆ. ಗೋಣಿಯಲ್ಲಿ ಭತ್ತ ಕಟ್ಟಿ ಮೊಳಕೆ ಬರಿಸಿ ಅಗೆ ಹಾಕುವ ಮಲೆನಾಡಿನ ರೈತರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ರಾಶಿ ತಾನಾಗಿ ಬಿಸಿಯೇರುತ್ತದೆ, ಆಗಾಗ ಕೈಯಾಡಿಸದಿದ್ದರೆ ಒಳಗಿನ ಬೀಜ ಬೆಂದುಹೋಗುತ್ತದೆ ಎಂಬುದೂ ಅವರಿಗೆ ಗೊತ್ತು. ಉಸಿರಾಡುವ ಬೀಜ ಶಾಖ ಬಿಡುತ್ತದೆ, ಅಷ್ಟೆ.

ಜುಲೈ 28ಕ್ಕೆ ಬೇಸ್‌ಲೈನ್ ಹಸಿರಾಗಿತ್ತು. ಕೊಡಗಿನ ರೋಹನ್ ಬೋಪಣ್ಣ ಮಹೇಶ್ ಭೂಪತಿ ಜತೆಗೂಡಿ ಡಬಲ್ಸ್ ಆಡಿದ್ದು ಇದೇ ಒಲಿಂಪಿಕ್ಸ್‌ನಲ್ಲಿ. ಆಗಸ್ಟ್ 5ರಂದು ಸೆಂಟರ್ ಕೋರ್ಟಿನಲ್ಲಿ ಮರ್ರೆ ಫೆಡರರನ್ನು ಸೋಲಿಸಿ ಚಿನ್ನ ಗೆದ್ದರು.

ಇದನ್ನು ಕೇಳಿದವರಿಗೆ ಬೀಜವೇ ಮಂತ್ರದಂಡ ಎನಿಸಬಹುದು. ನನಗೆ ಹಾಗೆ ತೋರುವುದಿಲ್ಲ. ವಿಂಬಲ್ಡನ್ನಿನಲ್ಲಿ ಬೋಳಾಗುವ ಕಾರಣವನ್ನು ತೆಗೆದುಹಾಕಲು ಸಾಧ್ಯವಿಲ್ಲ, ಆಟಗಾರರಿಗೆ ಓಡಬೇಡಿ ಎನ್ನಲಾಗದು. ಅದಕ್ಕೇ ಅವರು ವರ್ಷ ವರ್ಷವೂ ಬಿತ್ತುತ್ತಾರೆ. ಮನೆಯ ಹುಲ್ಲುಹಾಸಿನಲ್ಲಿ ಕಾರಣವನ್ನು ಹುಡುಕಿ ತೆಗೆಯಬಹುದು. ಅದನ್ನು ಮಾಡದೆ ಬೀಜ ತಂದು ಸುರಿಯುವವರೇ ಹೆಚ್ಚು. ಬೋಳು ಜಾಗಕ್ಕೆ ಒಂದು ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡಿ: ನೀರುಂಡ ನೆಲದಲ್ಲೂ ಅದು ಇಳಿಯದಿದ್ದರೆ ಮಣ್ಣು ಒತ್ತಿ ಗಟ್ಟಿಯಾಗಿದೆ, ಇಲ್ಲವೇ ಮನೆ ಕಟ್ಟಿದವರು ಬಿಟ್ಟುಹೋದ ಜಲ್ಲಿ, ಸಿಮೆಂಟು ಕೆಳಗಿದೆ. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಎರಡನೆಯದೇ ಹೆಚ್ಚು ಎಂದು ನನ್ನ ಗುಮಾನಿ. ನಡುವೆ ಸುಟ್ಟಂತಾಗಿ ಸುತ್ತ ಕಡು ಹಸಿರಿನ ಉಂಗುರ ಕಂಡರೆ ನಾಯಿ ಮೂತ್ರ ಮಾಡಿದ್ದು. ನಡುವೆ ಸಾರಜನಕ ಅತಿಯಾಗಿ ಹುಲ್ಲು ಸುಟ್ಟಿತು, ಅಂಚಿನಲ್ಲಿ ಅದೇ ತೆಳುವಾಗಿ ಗೊಬ್ಬರವಾಯಿತು. ಅಲ್ಲಿ ಬಿತ್ತುವ ಮೊದಲು ಚೆನ್ನಾಗಿ ನೀರು ಬಿಟ್ಟು ಲವಣ ತೊಳೆಯಬೇಕು.

ಬಿತ್ತನೆಯಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಗಟ್ಟಿ ನೆಲದ ಮೇಲೆ ಬೀಜ ಎರಚಿ ಸುಮ್ಮನಾಗುವುದು. ಬೀಜ ನೀರು ಹೀರುವುದು ತನಗೆ ಒತ್ತಿಕೊಂಡಿರುವ ಮಣ್ಣಿನ ಕಣಗಳಿಂದ. ಮೇಲೆ ಸುಮ್ಮನೆ ಕುಳಿತದ್ದು ಬೆಳಿಗ್ಗೆ ನೆನೆದು ಮಧ್ಯಾಹ್ನ ಒಣಗುತ್ತದೆ, ಉಳಿದದ್ದು ಇರುವೆ, ಪಾರಿವಾಳದ ಪಾಲು. (ವಿಂಬಲ್ಡನ್ನಿನವರು ಪಾರಿವಾಳ ಓಡಿಸಲು ರೂಫಸ್ ಎಂಬ ಗಿಡುಗವನ್ನೇ ಕರೆಸಿಕೊಳ್ಳುತ್ತಿದ್ದರು. ನಮಗೆ ಒಂದು ಹಳೆಯ ಗೋಣಿತಾಟು ಸಾಕು, ಮೊಳಕೆ ಕಂಡ ಕೂಡಲೇ ತೆಗೆದರಾಯಿತು.) ನೆಲವನ್ನು ಎರಡು ಮೂರು ಇಂಚು ಸಡಿಲಿಸಿ, ಬೀಜ ಹಾಕಿ, ಕುಂಟೆಯ ಹಲ್ಲಿನಿಂದ ಮೆಲ್ಲಗೆ ಗೀರಿ, ಕಾಲಿನಿಂದ ಒತ್ತಬೇಕು. ಆಳ ಅರ್ಧ ಸೆಂಟಿಮೀಟರ್ ದಾಟಬಾರದು. ಪುಟ್ಟ ಬೀಜದ ಬುತ್ತಿ ಚಿಕ್ಕದು, ಬೆಳಕು ತಲುಪುವ ಮೊದಲೇ ಮುಗಿದುಹೋಗುತ್ತದೆ.

ಎರಡನೆಯದು ನೀರು. ಒಣ ಬೀಜಕ್ಕೆ ಒಣಗುವ ಭಯವಿಲ್ಲ, ವರ್ಷಗಟ್ಟಲೆ ಡಬ್ಬದಲ್ಲಿರಬಲ್ಲದು. ಬೇರಿನ ಮೂತಿ ಹೊರಬಂದ ಮೇಲೆ ಆ ತಾಳಿಕೆ ಮುಗಿಯಿತು. ಒಂದು ಸುಡುಬಿಸಿಲಿನ ಮಧ್ಯಾಹ್ನ ಸಾಕು. ನಾಲ್ಕು ದಿನ ನಿಷ್ಠೆಯಿಂದ ನೀರು ಹಾಕಿ ಐದನೇ ದಿನ ಮದುವೆಗೆಂದು ಊರಿಗೆ ಹೋದವರು ತಿರುಗಿ ಬಂದು ಬೀಜದಂಗಡಿಯವನನ್ನು ಬೈಯುತ್ತಾರೆ. ಮೊಳೆಯುವ ತನಕ ದಿನಕ್ಕೆ ಎರಡು ಮೂರು ಸಲ ತುಂತುರು, ಚಿಗುರು ನಿಂತ ಮೇಲೆ ಅಪರೂಪಕ್ಕೆ ಆಳವಾಗಿ. ಬೇರು ನೀರನ್ನು ಹಿಂಬಾಲಿಸಿ ಇಳಿಯುತ್ತದೆ.

ಜಾಸ್ತಿ ಬೀಜ ಹಾಕಿದರೆ ಜಾಸ್ತಿ ಹುಲ್ಲು ಬರುತ್ತದೆಂಬುದೂ ತಪ್ಪು ಲೆಕ್ಕ. ಒಂದು ಗ್ರಾಂ ರೈಗ್ರಾಸಿನಲ್ಲಿ ಸುಮಾರು 500 ಬೀಜಗಳು. ಚದರ ಮೀಟರಿಗೆ 35 ಗ್ರಾಂ ಹಾಕಿದರೂ 17,500 ಆಯಿತು. ಇದಕ್ಕಿಂತ ಒತ್ತಾದರೆ ಸಸಿಗಳ ನಡುವೆ ಗಾಳಿಯಾಡದೆ ಪಿಥಿಯಂನಂಥ ಶಿಲೀಂಧ್ರ ಸದೃಶ ಜೀವಿಗಳು ಬುಡ ಕೊಳೆಸುತ್ತವೆ, ಒಂದೇ ರಾತ್ರಿಗೆ ಅಂಗೈಯಗಲ ಮಲಗಿಬಿಡುತ್ತದೆ.

ಇಷ್ಟೆಲ್ಲ ಓದಿ ರೈಗ್ರಾಸ್ ಬೀಜ ತರಿಸಲು ಹೊರಟವರು ಸ್ವಲ್ಪ ತಡೆಯಿರಿ. ಅದು ತಂಪು ದೇಶದ ಹುಲ್ಲು. ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ಇರುವ ಕನ್ನಡಿಗರು ಸೆಪ್ಟೆಂಬರಿನಲ್ಲಿ ಧಾರಾಳವಾಗಿ ಬಿತ್ತಬಹುದು. ನೆಲದಲ್ಲಿ ಇನ್ನೂ ಬೇಸಿಗೆಯ ಬಿಸಿ ಇರುತ್ತದೆ, ಕಳೆಯ ಕಾಟ ಇಳಿಮುಖವಾಗಿರುತ್ತದೆ. ರಾಯಚೂರಿನ ಏಪ್ರಿಲ್ ಅದಕ್ಕೆ ತಡೆಯದು. ನಮ್ಮ ನೆಲದ ಹುಲ್ಲು ಗರಿಕೆ. ಬಿಸಿಲಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಹೆಚ್ಚು ಸೋರಿಕೆಯಿಲ್ಲದೆ ಹಿಡಿಯುವ ಸಿ4 ಪದ್ಧತಿ ಅದರದು, ಕಬ್ಬು ಮತ್ತು ಜೋಳದಂತೆ. ಆದರೆ ನೆರಳಿನಲ್ಲಿ ಸೊರಗುತ್ತದೆ. ಮಾವಿನ ಮರದಡಿ ಬೋಳಾಗಿದ್ದರೆ ಎಷ್ಟು ಬೀಜ ಹಾಕಿದರೂ ದಂಡ, ಅಲ್ಲಿ ನಾಲ್ಕು ಕಲ್ಲು ಹಾಸಿ ಬೆಂಚು ಇಡುವುದೇ ಜಾಣತನ.

ಗರಿಕೆಯ ಬೀಜ ಸಿಗುತ್ತದೆ. ಸಿಪ್ಪೆ ತೆಗೆದದ್ದು ಗ್ರಾಮಿಗೆ ನಾಲ್ಕು ಸಾವಿರದಷ್ಟು, ಮರಳಿನಲ್ಲಿ ಬೆರೆಸದೆ ಸಮನಾಗಿ ಬೀಳುವುದೇ ಇಲ್ಲ. ನೆಲ ಬೆಚ್ಚಗಿರಬೇಕು, 20 ಡಿಗ್ರಿಗಿಂತ ಮೇಲೆ. ಜೂನ್‌ನ ಮೊದಲ ಮಳೆಗಳ ಹೊತ್ತು ಒಳ್ಳೆಯದು, ಆಗ ಕೊನ್ನಾರಿಗಡ್ಡೆ ಎಂಬ ಕಳೆಯೂ ಏಳುತ್ತದೆ, ಗಡ್ಡೆ ಸಮೇತ ಕೀಳಬೇಕು. ಇನ್ನೊಂದು ತೊಡಕಿದೆ. ಗಾಲ್ಫ್ ಕೋರ್ಸು, ಹೋಟೆಲು, ಕ್ಲಬ್ಬುಗಳ ನಯವಾದ ಹಾಸಿನಲ್ಲಿರುವುದು ಹಲವು ಕಡೆ ನಾಟಿ ಗರಿಕೆಯಲ್ಲ, ಅಮೆರಿಕದ ಜಾರ್ಜಿಯಾದ ಟಿಫ್ಟನ್ನಿನಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿ ಗರಿಕೆಗೆ ಅದರ ಆಫ್ರಿಕದ ದಾಯಾದಿಯನ್ನು ಕೂಡಿಸಿ ಪಡೆದ ಮಿಶ್ರತಳಿಗಳು. ಅವಕ್ಕೆ ವರ್ಣತಂತುಗಳು ಮೂರು ಸೆಟ್ಟು. ಮೂರನ್ನು ಸಮಪಾಲು ಮಾಡಲಾಗದೆ ಬೀಜ ಕಟ್ಟುವುದಿಲ್ಲ. ಪಚ್ಚಬಾಳೆಯಲ್ಲಿ ಬೀಜವಿಲ್ಲದ್ದಕ್ಕೂ ಇದೇ ಹಿನ್ನೆಲೆ.

ಇಂಥ ಮಿಶ್ರತಳಿಯ ಹಾಸಿಗೆ ನಾಟಿ ಗರಿಕೆಯ ಬೀಜ ಹಾಕಿದರೆ ತೇಪೆ ಬೇರೆ ಬಣ್ಣ, ಬೇರೆ ಒರಟಿನಲ್ಲಿ ಎದ್ದು ಕಾಣುತ್ತದೆ. ಅಲ್ಲಿ ಬೀಜದ ಆಸೆ ಬಿಟ್ಟು, ಅಂಚಿನಿಂದ ಎರಡು ಮೂರು ಗೆಣ್ಣಿರುವ ಬಳ್ಳಿತುಂಡುಗಳನ್ನು ಕತ್ತರಿಸಿ, ಸಡಿಲಿಸಿದ ಮಣ್ಣಿನಲ್ಲಿ ಒಂದು ಗೆಣ್ಣು ಹೂತು ಒಂದು ಗೆಣ್ಣು ಮೇಲೆ ಬರುವಂತೆ ಗೇಣಿಗೊಂದರಂತೆ ಊರಬೇಕು. ಮಳೆಗಾಲವಾದರೆ ತಿಂಗಳೊಂದೂವರೆಯಲ್ಲಿ ಬಳ್ಳಿಗಳು ಒಂದನ್ನೊಂದು ಮುಟ್ಟುತ್ತವೆ.