ನಿಮಗಿದು ಗೊತ್ತೆ? ಅಣೆಕಟ್ಟು ಸಾಕಿದ ಮೀನು

ಟ್ರೌಟ್ ತಣ್ಣೀರಿನ ಮೀನು. ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಬೇಸಿಗೆಯೋ ಬೆವರಿಳಿಸುವಂಥದ್ದು. ಆದರೂ ಅಲ್ಲಿನ ಲಿಟಲ್ ರೆಡ್ ನದಿಯಲ್ಲಿ 1992ರಲ್ಲಿ 18 ಕಿಲೋಗೂ ಹೆಚ್ಚು ತೂಗುವ ಬ್ರೌನ್ ಟ್ರೌಟ್ ಗಾಳಕ್ಕೆ ಬಿತ್ತು. ಆ ವಿಶ್ವದಾಖಲೆ 2009ರವರೆಗೂ ಉಳಿಯಿತು. ಗುಟ್ಟು ಇರುವುದು ನದಿಯ ಮೇಲ್ಭಾಗದ ಗ್ರೀರ್ಸ್ ಫೆರಿ ಅಣೆಕಟ್ಟಿನಲ್ಲಿ. ಜಲಾಶಯದ ಆಳದ ನೀರು ಬಿರುಬೇಸಿಗೆಯಲ್ಲೂ ಕೊರೆಯುತ್ತಿರುತ್ತದೆ, ಟರ್ಬೈನ್ ದಾಟಿ ನದಿಗೆ ಬರುವುದು ಅದೇ. ಬೆಚ್ಚನೆಯ ನೀರಿಗೆ ಒಗ್ಗಿದ್ದ ಸ್ಥಳೀಯ ಮೀನುಗಳಿಗೆ ಆ ಚಳಿ ಹಿಡಿಸಲಿಲ್ಲ. ಹೊರಗಿನಿಂದ ತಂದು ಬಿಟ್ಟ ಟ್ರೌಟ್ ಮಾತ್ರ ಕೊಬ್ಬಿ ಬೆಳೆಯಿತು. ವಿದ್ಯುತ್ ಬೇಡಿಕೆ ಏರಿದರೆ ಟರ್ಬೈನ್ ಮೂಲಕ ಹೆಚ್ಚು ನೀರು ಹರಿದು ಹೊಳೆಯೂ ದಿಢೀರನೆ ಏರುತ್ತದೆ. ಹಾಗಾಗಿ ಗಾಳ ಹಿಡಿದವರು ಹೊಳೆಗಿಳಿಯುವ ಮೊದಲು ವಿದ್ಯುದಾಗಾರದ ವೇಳಾಪಟ್ಟಿ ನೋಡಿಕೊಳ್ಳುತ್ತಾರೆ.