ಗೋದಾಮಿನ ಪೈಲ್ ಬುನಾದಿ: ಪರೀಕ್ಷೆಗೆ ಖರ್ಚೇಕೆ?

ಹೊಸ ಗೋದಾಮಿನ ಅಂದಾಜುಪಟ್ಟಿಯಲ್ಲಿ ಪೈಲ್ ಪರೀಕ್ಷೆಗೆಂದು ಪ್ರತ್ಯೇಕ ಮೊತ್ತ ಕಂಡ ಹಲವು ಸದಸ್ಯರು, "ಕೆಳಗೆ ಹೇಗೂ ಬಂಡೆ ಇದೆ, ಇದೆಲ್ಲ ಏಕೆ?" ಎಂದು ಕೇಳಿದ್ದಾರೆ. ಸಿಮೆಂಟಿಗೆ ಕಬ್ಬಿಣದ ಕಿಟ್ಟ ಬೆರೆಸುವುದು ಕಲಬೆರಕೆಯಲ್ಲವೇ ಎಂಬ ಅನುಮಾನವೂ ಬಂದಿದೆ. ಎರಡೂ ಕೇಳತಕ್ಕ ಪ್ರಶ್ನೆಗಳೇ.

ನಮ್ಮ ಸೀಮೆಯ ಬಂಡೆಯನ್ನು ನಂಬುವಂತಿಲ್ಲ. ಬಾವಿ ತೋಡಿಸಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಮೇಲೆ ಗಟ್ಟಿ ಮುರಕಲ್ಲು, ಅದರಡಿ ನೀರು ತಗುಲಿದರೆ ಬೆಣ್ಣೆಯಂತಾಗುವ ಶೇಡಿಮಣ್ಣು, ನಡುವೆ ಅಲ್ಲಲ್ಲಿ ಉಂಡೆಗಲ್ಲು, ಎಲ್ಲಕ್ಕೂ ಕೆಳಗೆ ತಾಯಿಬಂಡೆ. ಕೊರೆಯುವ ಯಂತ್ರ ಉಂಡೆಗಲ್ಲಿಗೆ ತಾಗಿ ನಿಂತರೂ ಮೇಸ್ತ್ರಿ "ಬಂಡೆ ಸಿಕ್ಕಿತು" ಎನ್ನುತ್ತಾನೆ. ಅದರ ಮೇಲೆ ಪೈಲ್ ಕೂರಿಸಿದರೆ ಕಲ್ಲೂ ಪೈಲೂ ಜೊತೆಯಾಗಿ ಇಳಿಯಬಹುದು. ಆದ್ದರಿಂದ ಕಲ್ಲು ಸಿಕ್ಕ ಮೇಲೂ ಕೆಲವು ಮೀಟರ್ ಕೊರೆದು ತಿರುಳನ್ನು ಹೊರತೆಗೆದು ನೋಡಬೇಕು. ಒಂದು ಮೀಟರ್ ಕೊರೆತದಲ್ಲಿ 10 ಸೆಂ.ಮೀ.ಗೆ ಕಡಿಮೆಯಿಲ್ಲದ ಗಟ್ಟಿ ತುಂಡುಗಳೆಲ್ಲ ಸೇರಿ 75 ಸೆಂ.ಮೀ. ದಾಟಿದರೆ ಬಂಡೆ ಒಳ್ಳೆಯದು; 25ಕ್ಕಿಂತ ಕಡಿಮೆಯಾದರೆ ತೀರ ಕಳಪೆ.

ಆಮೇಲೆ ಭಾರದ ಪರೀಕ್ಷೆ. ಐ.ಎಸ್. 2911ರ ಪ್ರಕಾರ ಕಟ್ಟಡಕ್ಕೆ ಬಳಸುವ ಪೈಲಿನ ಮೇಲೆ, ಅದು ಹೊರಬೇಕಾದ ಭಾರದ ಒಂದೂವರೆ ಪಟ್ಟು ಹೇರಬೇಕು. 20 ಟನ್ನಿನ ಪೈಲಿಗೆ 30 ಟನ್, ಅಂದರೆ 50 ಕಿಲೋದ 600 ಕಾಫಿ ಮೂಟೆಗಳ ತೂಕ. ಅಟ್ಟಣೆಯ ಮೇಲೆ ಮರಳಿನ ಚೀಲಗಳನ್ನು ಇದಕ್ಕಿಂತ ಕಾಲುಭಾಗ ಹೆಚ್ಚಾಗಿಯೇ ಒಟ್ಟಿ, ಅದಕ್ಕೆ ಆನಿಸಿ ಜಾಕಿಯಿಂದ ಪೈಲನ್ನು ಹಂತಹಂತವಾಗಿ ಒತ್ತುತ್ತಾರೆ. ನಮ್ಮಂಥ ಸಣ್ಣ ಪೈಲು 12 ಮಿ.ಮೀ.ಗಿಂತ ಹೆಚ್ಚು ಇಳಿಯಬಾರದು.

ಇನ್ನು ಕಿಟ್ಟದ ಮಾತು. ಒಂದು ಟನ್ ಕ್ಲಿಂಕರ್ ತಯಾರಿಸುವಾಗ ಸುಣ್ಣಕಲ್ಲಿನಿಂದಲೇ ಸುಮಾರು ಅರ್ಧ ಟನ್ ಇಂಗಾಲಾಮ್ಲ ವಾಯು ಹೊರಬೀಳುತ್ತದೆ, ಉರುವಲಿನದು ಬೇರೆ. ಹೂಮಳೆ ತಪ್ಪಿದಾಗ ಪರದಾಡುವ ನಮಗೆ ಇದು ದೂರದ ಸಂಗತಿಯಲ್ಲ. ಸ್ಲ್ಯಾಗ್ ಸಿಮೆಂಟಿನಲ್ಲಿ ಶೇಕಡಾ 25ರಿಂದ 70ರವರೆಗೆ ಊದುಕುಲುಮೆಯ ಕಿಟ್ಟದ ಪುಡಿ ಇರಲು ಐ.ಎಸ್. 455 ಒಪ್ಪುತ್ತದೆ. ಕಲಬೆರಕೆಯಲ್ಲ. ಆದರೆ ಕಿಟ್ಟ ಹೆಚ್ಚಿದಷ್ಟೂ ಕಾಂಕ್ರೀಟು ನಿಧಾನವಾಗಿ ಬಲಿಯುತ್ತದೆ. ಅವಸರಪಟ್ಟು ಭಾರ ಹೇರಿದರೆ ತಪ್ಪು ಬಂಡೆಯದೋ ಕಾಂಕ್ರೀಟಿನದೋ ತಿಳಿಯದು. 28 ದಿನ ಕಾದು, ಜೊತೆಗೆ ಎರಕ ಹೊಯ್ದ ಅಚ್ಚುಗಳನ್ನು ಒಡೆದು ನೋಡಿ, ಸಾಲದಿದ್ದರೆ 56 ದಿನವಾದರೂ ಕಾಯುವುದೇ ಸರಿ. ಮಳೆಗಾಲ ಹತ್ತಿರವಾಯಿತೆಂಬ ಗುತ್ತಿಗೆದಾರರ ಗಡಿಬಿಡಿಗೆ ನಾವು ಮಣಿಯುವುದಿಲ್ಲ.

ಯಾವ ಪೈಲನ್ನು ಪರೀಕ್ಷಿಸುವುದು ಎಂಬುದೂ ಮುಖ್ಯ. ಗಟ್ಟಿ ನೆಲದ್ದನ್ನು ತೋರಿಸುವುದು ಸುಲಭ. ನಾವು ಮಣ್ಣು ತುಂಬಿದ ತೋಡಿನ ಕಡೆಯ, ತಿರುಳು ಪುಡಿಪುಡಿಯಾಗಿ ಬಂದ ಮೂಲೆಯ ಪೈಲನ್ನೇ ಗುರುತಿಸಿ ಕೊಟ್ಟಿದ್ದೇವೆ. ಅಲ್ಲಿ 12 ಮಿ.ಮೀ. ದಾಟಿದರೆ ಪೈಲುಗಳ ಆಳವೋ ಸಂಖ್ಯೆಯೋ ಹೆಚ್ಚಬೇಕಾಗುತ್ತದೆ. ಆ ಲೆಕ್ಕವನ್ನು ಗೋಡೆ ಏಳುವ ಮೊದಲೇ ಮಹಾಸಭೆಯ ಮುಂದಿಡುತ್ತೇವೆ.