ಬಿಸಿಲು ಕಾಣದ ಹಾಸಿಗೆ

ಪಪುವಾ ನ್ಯೂಗಿನಿಯ ಪೂರ್ವದ ಗುಡ್ಡಗಾಡಿನಲ್ಲಿ ಫೋರೆ ಎಂಬ ಜನರಿದ್ದಾರೆ. 1970ರ ದಶಕದ ಆರಂಭದಲ್ಲಿ ವೈದ್ಯರು ಅವರ ಹಳ್ಳಿಗಳಲ್ಲಿ ತಪಾಸಣೆ ನಡೆಸಿದಾಗ ಅಸ್ತಮಾ ಇಲ್ಲವೆನ್ನುವಷ್ಟು ಅಪರೂಪವಾಗಿತ್ತು. ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಅದೇ ಸೀಮೆಯ ದೊಡ್ಡವರಲ್ಲಿ ಶೇ 7.3ರಷ್ಟು ಮಂದಿಗೆ ಉಬ್ಬಸ ಹತ್ತಿಕೊಂಡಿತ್ತು. ಒಲೆಯ ಹೊಗೆ ಕಾರಣವೆನ್ನೋಣವೆಂದರೆ ಅದು ಮೊದಲಿನಿಂದಲೂ ಇತ್ತು. ಈ ನಡುವೆ ಹೊಸದಾಗಿ ಮನೆಮನೆಗೂ ಬಂದದ್ದು ಹೊದಿಕೆಗಳು. ಚಳಿಯ ಊರು, ಜನ ತಲೆಯವರೆಗೂ ಎಳೆದುಕೊಂಡು ಮಲಗುತ್ತಿದ್ದರು, ಒಗೆಯುವುದು ಅಪರೂಪ. ಆಸ್ಟ್ರೇಲಿಯಾದ ವೈದ್ಯೆ ಆ್ಯನ್ ವೂಲ್ಕಾಕ್ ಅವರಿದ್ದ ತಂಡ ಆ ಹೊದಿಕೆಗಳ ದೂಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿತು. ಒಂದೊಂದು ಗ್ರಾಂ ದೂಳಿನಲ್ಲಿ ಸಾವಿರಕ್ಕೂ ಹೆಚ್ಚು ನುಸಿಗಳಿದ್ದವು. 1985ರಲ್ಲಿ ಪ್ರಕಟವಾದ ಆ ವರದಿ, ಮಲಗುವ ಬಟ್ಟೆ ಬದಲಾದರೆ ಒಂದು ಊರಿನ ಉಸಿರೇ ಬದಲಾಗಬಹುದು ಎಂಬುದಕ್ಕೆ ಇಂದಿಗೂ ನೆನೆಯಬೇಕಾದ ಸಾಕ್ಷ್ಯ.

ನಮ್ಮ ಪಟ್ಟಣಗಳಲ್ಲಿ ಕಳೆದ ಮೂವತ್ತು ವರ್ಷಗಳಲ್ಲಿ ಮಲಗುವ ಕೋಣೆ ಅದಕ್ಕಿಂತ ಹೆಚ್ಚು ಬದಲಾಗಿದೆ. ಸುತ್ತಿಟ್ಟು ಅಟ್ಟಕ್ಕೆ ಹಾಕಬಹುದಾಗಿದ್ದ ಚಾಪೆ, ವರ್ಷಕ್ಕೊಮ್ಮೆಯಾದರೂ ಬಿಸಿಲು ಕಾಣುತ್ತಿದ್ದ ಹತ್ತಿ ಹಾಸಿಗೆ ಹೋಗಿ, ಕೊಂಡ ದಿನ ಮಂಚದ ಮೇಲೆ ಬಿದ್ದದ್ದು ಹತ್ತು ವರ್ಷ ಅಲ್ಲಾಡದ ಆರೇಳು ಇಂಚಿನ ಫೋಮ್ ಹಾಸಿಗೆ ಬಂದಿದೆ. ಸೊಳ್ಳೆಗೂ ರಸ್ತೆಯ ದೂಳಿಗೂ ಹೆದರಿ ಕಿಟಕಿ ಮುಚ್ಚಿರುತ್ತೇವೆ. ಇದರ ಫಲ ಇವತ್ತೇ ಕಾಣುವುದಿಲ್ಲ. ಈಗ ಆ ಹಾಸಿಗೆಯ ಮೇಲೆ ಮಗುಚಿ ಬೀಳುತ್ತಿರುವ ಕೂಸು ಶಾಲೆಯ ಮೈದಾನದಲ್ಲಿ ಓಡುವ ವಯಸ್ಸಿಗೆ ಬಂದಾಗ ಕಾಣುತ್ತದೆ. ನನ್ನ ಆತಂಕವೆಲ್ಲ ಈ ವಿಳಂಬದ ಬಗ್ಗೆ.

ನುಸಿ ಎಂದೊಡನೆ ನಮ್ಮ ರೈತರಿಗೆ ತೆಂಗಿನಕಾಯಿಯನ್ನು ಸೊಟ್ಟಗೆ ಮಾಡುವ ಪೀಡೆ ನೆನಪಾಗುತ್ತದೆ. ಹಾಸಿಗೆಯ ನುಸಿ ಅದರ ದೂರದ ನೆಂಟ. ಕೀಟವಲ್ಲ, ಜೇಡ ಮತ್ತು ಉಣ್ಣೆಗಳ ಬಳಗಕ್ಕೆ ಸೇರಿದ ಎಂಟು ಕಾಲಿನ ಜೀವಿ. ಉದ್ದ ಮಿಲಿಮೀಟರಿನ ಕಾಲುಭಾಗದಿಂದ ಮೂರನೇ ಒಂದು ಭಾಗ, ಮೈ ಹಾಲುಬಣ್ಣದ್ದು, ಕಣ್ಣಿಲ್ಲ. ಬರಿಗಣ್ಣಿಗೆ ಸಿಗದ ಇದು ನಮ್ಮನ್ನು ಕಚ್ಚುವುದೂ ಇಲ್ಲ, ರಕ್ತ ಹೀರುವುದೂ ಇಲ್ಲ. ನಮ್ಮ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟು, ಅದರ ಮೇಲೆ ಬೆಳೆಯುವ ಬೂಷ್ಟು, ಇವೇ ಅದರ ಊಟ. ಮನೆಯ ದೂಳು ಕೆಲವರಿಗೆ ಯಾಕೆ ಉಬ್ಬಸ ತರುತ್ತದೆ ಎಂಬ ಪ್ರಶ್ನೆಗೆ ಬಹುಕಾಲ ಉತ್ತರವಿರಲಿಲ್ಲ. ನೆದರ್ಲೆಂಡ್ಸಿನ ಲೈಡನ್‌ನಲ್ಲಿ ರೈನ್‌ಡರ್ಟ್ ವೋರ್‌ಹೋರ್ಸ್ಟ್ ಮತ್ತು ಫ್ರಿಟ್ಸ್ ಸ್ಪೀಕ್ಸ್‌ಮಾ 1964ರ ಹೊತ್ತಿಗೆ ದೂಳಿನೊಳಗಿನ ಈ ನುಸಿಯತ್ತ ಬೆರಳು ತೋರಿಸಿದರು. ತೇವದ ಮನೆಗಳ ದೂಳೇ ಒಣ ಮನೆಗಳ ದೂಳಿಗಿಂತ ಹೆಚ್ಚು ಕಾಟ ಕೊಡುವುದೇಕೆ ಎಂಬುದಕ್ಕೂ ಅಲ್ಲಿಯೇ ಸುಳಿವು ಸಿಕ್ಕಿತು.

ನುಸಿಯ ಬದುಕೆಲ್ಲ ನಿಂತಿರುವುದು ಗಾಳಿಯಲ್ಲಿರುವ ನೀರಿನ ಮೇಲೆ. ಅದು ನೀರು ಕುಡಿಯುವುದಿಲ್ಲ. ಮುಂಗಾಲುಗಳ ಬುಡದ ಹತ್ತಿರ ಎರಡು ಸಣ್ಣ ಗ್ರಂಥಿಗಳಿವೆ. ಅವುಗಳಿಂದ ಒಸರುವ ಉಪ್ಪು ದ್ರವ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಆ ನೀರು ಬಾಯಿಗೆ ಹರಿದು ಹೋಗುತ್ತದೆ. ಗಾಳಿ ಒಣಗಿದರೆ ಅದೇ ಉಪ್ಪು ಹರಳುಗಟ್ಟಿ ಗ್ರಂಥಿಯ ಬಾಯಿ ಮುಚ್ಚಿಕೊಂಡು, ಇರುವ ನೀರು ಬೇಗ ಆರದಂತೆ ತಡೆಯುತ್ತದೆ. ಸಾಪೇಕ್ಷ ಆರ್ದ್ರತೆ ಶೇ 50ಕ್ಕಿಂತ ಕೆಳಗೆ ಇಳಿದು ವಾರಗಟ್ಟಲೆ ಅಲ್ಲೇ ನಿಂತರೆ ನುಸಿ ಒಣಗಿ ಸಾಯುತ್ತದೆ. ಶೇ 70–80ರ ತೇವ, 25 ಡಿಗ್ರಿ ಆಸುಪಾಸಿನ ಬೆಚ್ಚಗೆ ಸಿಕ್ಕಿತೋ, ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಒಂದು ತಿಂಗಳು ಸಾಕು. ದಿನಕ್ಕೆ ಕೆಲವೇ ಗಂಟೆ ತೇವ ಸಿಕ್ಕಿದರೂ ಅವು ಬದುಕಿಕೊಳ್ಳುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ರಾತ್ರಿಯಿಡೀ ಬೆವರುವ ಒಂದು ಮೈ ಆ ಕೆಲವು ಗಂಟೆಗಳನ್ನು ತಪ್ಪದೆ ಕೊಡುತ್ತದೆ. ಮಳೆಗಾಲದ ಮಂಗಳೂರು, ಉಡುಪಿ, ಮಡಿಕೇರಿಗಳಲ್ಲಿ ಹೊರಗಿನ ಗಾಳಿಯೇ ತಿಂಗಳುಗಟ್ಟಲೆ ಶೇ 80 ದಾಟಿರುತ್ತದೆ. ಬೆಂಗಳೂರಿಗೆ ಫೆಬ್ರುವರಿ, ಮಾರ್ಚಿನ ಒಣಗಾಳಿ ಎಂಬ ವರವಿದೆ. ಹಾಸಿಗೆ ಆ ಗಾಳಿಗೆ ಮೈಯೊಡ್ಡಿದರೆ ಮಾತ್ರ ಅದು ವರ.

ರೋಗ ತರುವುದು ಜೀವಂತ ನುಸಿಗಿಂತ ಹೆಚ್ಚಾಗಿ ಅದರ ಹಿಕ್ಕೆ. ಒಂದು ನುಸಿ ದಿನಕ್ಕೆ ಇಪ್ಪತ್ತರಷ್ಟು ಹಿಕ್ಕೆಯ ಉಂಡೆಗಳನ್ನು ಹಾಕುತ್ತದೆ. ಆ ಉಂಡೆಯಲ್ಲಿ ಅದರ ಜೀರ್ಣರಸದ ಪ್ರೋಟೀನುಗಳಿರುತ್ತವೆ. ಮುಖ್ಯವಾದದ್ದಕ್ಕೆ ವಿಜ್ಞಾನಿಗಳು ಡರ್ ಪಿ 1 ಎಂದು ಹೆಸರಿಟ್ಟಿದ್ದಾರೆ. ಪ್ರೋಟೀನನ್ನು ಕತ್ತರಿಸುವ ಕಿಣ್ವ ಇದು. ಶ್ವಾಸನಾಳದ ಒಳಪದರದ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಬೆಸುಗೆಯನ್ನೂ ಕತ್ತರಿಸಬಲ್ಲದೆಂದು 1999ರಲ್ಲಿ ತೋರಿಸಲಾಯಿತು. ತಾನೇ ದಾರಿ ಕೊರೆದುಕೊಂಡು ಒಳನುಗ್ಗುವ ಅಲರ್ಜಿಕಾರಕ. ನುಸಿ ಸತ್ತ ಮೇಲೂ ಹಿಕ್ಕೆಯ ಕಾಟ ನಿಲ್ಲುವುದಿಲ್ಲ. ಹಾಸಿಗೆಯೊಳಗೆ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ.

ಈ ಉಂಡೆಗಳು ದೂಳಿನ ಲೆಕ್ಕದಲ್ಲಿ ಭಾರದವು. ಹಾಸಿಗೆ ಕೊಡವಿದಾಗ ಎದ್ದು ಕೆಲವೇ ನಿಮಿಷಗಳಲ್ಲಿ ಕೆಳಗೆ ಕೂರುತ್ತವೆ. ಆದ್ದರಿಂದ ಕೋಣೆಯ ಮೂಲೆಯಲ್ಲಿಟ್ಟ ಏರ್ ಪ್ಯೂರಿಫೈಯರ್ ನುಸಿಯ ವಿಷಯದಲ್ಲಿ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ದೂಳು ನಡುಮನೆಯ ಗಾಳಿಯಲ್ಲಿ ತೇಲಿಕೊಂಡು ಬಂದು ಮೂಗು ಸೇರುವುದಲ್ಲ, ಮಗು ಮುಖವಿಟ್ಟು ಮಲಗಿದ ದಿಂಬಿನಿಂದ ನೇರ ಒಳಗೆ ಹೋಗುವುದು. ಎಂಟು ಗಂಟೆ, ದಿನವೂ. ಸಾವಿರಾರು ರೂಪಾಯಿ ಕೊಟ್ಟು ಯಂತ್ರ ಕೊಂಡು, ದಿಂಬನ್ನು ಹಾಗೇ ಬಿಟ್ಟಿರುವ ಮನೆಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಎಳೆಯ ವಯಸ್ಸಿನಲ್ಲಿ ಮೂಗಿಗೆ ಹತ್ತಿದ್ದು ಮುಂದೆ ಎದೆಗೆ ಇಳಿಯುತ್ತದೆಯೇ? ಇಂಗ್ಲೆಂಡಿನ ಪೂಲ್ ಎಂಬಲ್ಲಿ ಅಲರ್ಜಿಯ ಕುಟುಂಬಗಳ 67 ಮಕ್ಕಳನ್ನು ಕೂಸಾಗಿದ್ದಾಗಿನಿಂದ ಹನ್ನೊಂದರ ವಯಸ್ಸಿನವರೆಗೆ ಹಿಂಬಾಲಿಸಿದ ಅಧ್ಯಯನ 1990ರಲ್ಲಿ ಬಂತು. ಒಂದು ವರ್ಷದ ಕೂಸಾಗಿದ್ದಾಗ ಮನೆಯ ದೂಳಿನಲ್ಲಿ ಗ್ರಾಂಗೆ 10 ಮೈಕ್ರೊಗ್ರಾಂಗಿಂತ ಹೆಚ್ಚು ಡರ್ ಪಿ 1 ಇದ್ದ ಮಕ್ಕಳಿಗೆ, ಹನ್ನೊಂದರಲ್ಲಿ ಅಸ್ತಮಾ ಇರುವ ಸಾಧ್ಯತೆ ಸುಮಾರು ಐದು ಪಟ್ಟು. ಸಣ್ಣ ಅಧ್ಯಯನ, ಆದರೆ ಜಗತ್ತಿನ ಗಮನ ಸೆಳೆಯಿತು. ಅನಂತರ ಜರ್ಮನಿಯಲ್ಲಿ 1990ರಲ್ಲಿ ಹುಟ್ಟಿದ 1,314 ಮಕ್ಕಳನ್ನು ಹಿಂಬಾಲಿಸಿದವರಿಗೆ ಚಿತ್ರ ಅಷ್ಟು ಸರಳವಾಗಿ ಕಾಣಲಿಲ್ಲ. ನುಸಿಯ ಪ್ರಮಾಣ ಹೆಚ್ಚಿದ್ದಲ್ಲಿ ಅಲರ್ಜಿ ಹೆಚ್ಚಿತು ನಿಜ. ಏಳರ ವಯಸ್ಸಿನ ಅಸ್ತಮಾಕ್ಕೂ ಅದಕ್ಕೂ ನೇರ ನಂಟು ಸಿಗಲಿಲ್ಲ. ಅದೇ ಮಕ್ಕಳು ಹದಿಮೂರಕ್ಕೆ ಬಂದಾಗ ಮತ್ತೆ ಲೆಕ್ಕ ಹಾಕಿ 2006ರಲ್ಲಿ ಪ್ರಕಟಿಸಿದ ವರದಿ ನನ್ನನ್ನು ಹೆಚ್ಚು ಕಾಡುತ್ತದೆ. ಮೂರು ವರ್ಷದೊಳಗೇ ನುಸಿಯಂಥ ಮನೆಯೊಳಗಿನ ವಸ್ತುಗಳಿಗೆ ಅಲರ್ಜಿ ಬೆಳೆಸಿಕೊಂಡು, ಜೊತೆಗೆ ಅವುಗಳ ನಡುವೆಯೇ ಬೆಳೆದ ಮಕ್ಕಳ ಶ್ವಾಸಕೋಶದ ಕಸುವು ಶಾಲೆಯ ವರ್ಷಗಳಲ್ಲಿ ಕುಂದಿತ್ತು. ನುಸಿಯೊಂದೇ ಅಸ್ತಮಾ ತರುತ್ತದೆ ಎನ್ನಲಾಗದು. ಅಲರ್ಜಿಯ ಗುಣ ಹೊತ್ತು ಹುಟ್ಟಿದ ಮಗುವಿಗೆ ಮೊದಲ ಮೂರು ವರ್ಷ ನುಸಿಯ ಹಾಸಿಗೆ ಕೊಡುವುದು ಅಪಾಯ ಎನ್ನಲು ಇಷ್ಟು ಸಾಕು.

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾದ ಪ್ರಮಾಣವನ್ನು ಇಪ್ಪತ್ತು ವರ್ಷ ಅಳೆದಿದ್ದರು. 1979ರಲ್ಲಿ ಶೇ 9; 1999ರಲ್ಲಿ ಶೇ 29.5. ಆಸ್ಪತ್ರೆಗೆ ಬಂದವರ ಲೆಕ್ಕವನ್ನು ಇಡೀ ಊರಿನ ಲೆಕ್ಕವೆಂದು ಓದಬಾರದು, ಏರಿಕೆಗೆ ವಾಹನದ ಹೊಗೆಯೂ ಮುಖ್ಯ ಕಾರಣ. ಆದರೆ ಅದೇ ಇಪ್ಪತ್ತು ವರ್ಷಗಳಲ್ಲಿ ಹೆಂಚಿನ ಮನೆಗಳ ಜಾಗಕ್ಕೆ ಮುಚ್ಚಿದ ಫ್ಲ್ಯಾಟುಗಳು ಬಂದದ್ದೂ ನಿಜ. ಮಲಗುವ ಕೋಣೆಗೆ ಅಂಟಿಕೊಂಡ ಬಚ್ಚಲು, ಮಳೆಗಾಲದಲ್ಲಿ ಒಳಗೇ ಹರವಿದ ಒದ್ದೆ ಬಟ್ಟೆ, ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ತುರುಕಿದ ಹಳೆಯ ಕಂಬಳಿ, ತಣ್ಣೀರಿನಲ್ಲೇ ತಿರುಗುವ ವಾಷಿಂಗ್ ಮೆಷಿನ್: ಒಂದೊಂದೂ ಸಣ್ಣದು, ಎಲ್ಲ ಸೇರಿದರೆ ನುಸಿಗೆ ವರ್ಷವಿಡೀ ಮಳೆಗಾಲ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಭಾರತದ ಪಾಲು ಸುಮಾರು ಶೇ 13. ಅಸ್ತಮಾ ಸಾವುಗಳಲ್ಲಿ ಶೇ 40ಕ್ಕೂ ಹೆಚ್ಚು. ಇಂಥ ದೇಶದಲ್ಲಿ ರೋಗ ಬಂದ ಮೇಲೆ ನೋಡೋಣ ಎನ್ನುವುದು ದುಬಾರಿ ಧೈರ್ಯ.

ಮೈಯಲ್ಲಿ ಗುಳ್ಳೆ ಎದ್ದರೆ ನುಸಿ ಕಚ್ಚಿತೆಂದು ಮನೆಗೆಲ್ಲ ಔಷಧಿ ಹೊಡೆಸುವವರಿದ್ದಾರೆ. ಕಚ್ಚಿದ್ದು ನಿಜವಾದರೆ ಅದು ತಿಗಣೆಯೋ, ಬಾಲ್ಕನಿಯ ಪಾರಿವಾಳದ ಗೂಡಿನಿಂದ ಇಳಿದ ಹಕ್ಕಿ ನುಸಿಯೋ ಇರಬೇಕು. ಮರಿಗಳು ಹಾರಿಹೋದ ಮೇಲೆ ಹಸಿದ ಹಕ್ಕಿ ನುಸಿ ಕಿಟಕಿ ದಾಟಿ ಮನುಷ್ಯರ ಮೈಗೆ ಬರುತ್ತದೆ. ಖಾಲಿ ಗೂಡು ತೆಗೆದು ಜಾಗ ತೊಳೆದರೆ ಆ ಕಾಟ ನಿಲ್ಲುತ್ತದೆ. ಬೆರಳಸಂದಿಯಲ್ಲಿ, ಮಣಿಕಟ್ಟಿನಲ್ಲಿ ರಾತ್ರಿ ಹೊತ್ತು ತುರಿಕೆ ಜೋರಾದರೆ ಅದು ಕಜ್ಜಿ. ಅದರ ನುಸಿ ಚರ್ಮದೊಳಗೇ ಬಿಲ ತೋಡುವಂಥದ್ದು, ಮನೆಮಂದಿಯೆಲ್ಲ ಒಟ್ಟಿಗೆ ವೈದ್ಯರ ಔಷಧಿ ಹಚ್ಚಿಕೊಳ್ಳಬೇಕು. ಹಾಸಿಗೆಯ ದೂಳಿನ ನುಸಿಗೆ ಕೀಟನಾಶಕ ಪರಿಹಾರವಲ್ಲ. ಫೋಮಿನ ಆಳಕ್ಕೆ ಅದು ಇಳಿಯುವುದಿಲ್ಲ, ಹಿಕ್ಕೆಯನ್ನು ಮುಟ್ಟುವುದಿಲ್ಲ. ಉಬ್ಬಸದ ಮಗುವಿರುವ ಕೋಣೆಯಲ್ಲಿ ಆ ಘಾಟೇ ಹೊಸ ಆಪತ್ತು.

ಮಾಡಬಹುದಾದದ್ದು ಬೇಕಾದಷ್ಟಿದೆ, ಹೆಚ್ಚಿನದಕ್ಕೆ ದುಡ್ಡು ಬೇಡ. ವಾರಕ್ಕೊಮ್ಮೆ ಹಾಸು, ದಿಂಬಿನ ಚೀಲ, ಹೊದಿಕೆಗಳನ್ನು 55–60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಯಬೇಕು. ತಣ್ಣೀರಿನಲ್ಲಿ ಹಿಕ್ಕೆ ಬಹುಪಾಲು ತೊಳೆದುಹೋದರೂ ನುಸಿ ಸಾಯುವುದಿಲ್ಲ. ಬಿಸಿಲಿನ ಬಲವನ್ನು ವೂಲ್ಕಾಕ್ ಮತ್ತು ಯುವಾನ್ ಟೋವಿ ಸಿಡ್ನಿಯಲ್ಲಿ ಪರೀಕ್ಷಿಸಿದ್ದಾರೆ. ನುಸಿ ಹಿಡಿದ ರತ್ನಗಂಬಳಿಯನ್ನು ನೇರ ಬಿಸಿಲಿಗೆ ಹಾಸಿದಾಗ ಅದರಲ್ಲಿದ್ದ ನುಸಿಗಳೆಲ್ಲ ಸತ್ತವು. ತೆಳು ಹಾಸಿಗೆಗೆ, ದಿಂಬಿಗೆ, ಕಂಬಳಿಗೆ ನಮ್ಮ ಮಾರ್ಚಿನ ತಾರಸಿ ಅಂಥದ್ದೇ ಔಷಧಿ. ಒಣಗಿದ ಮೇಲೆ ಅಂಗಳದಲ್ಲಿ ಚೆನ್ನಾಗಿ ಬಡಿದು ಒಳಗೆ ತರಬೇಕು, ಬಡಿಯುವುದು ಅಲರ್ಜಿ ಇಲ್ಲದವರ ಕೆಲಸ. ಆರಿಂಚಿನ ಫೋಮ್ ಮಾತ್ರ ಮೇಲ್ಮೈ ಕಾದರೂ ಹೊಟ್ಟೆಯೊಳಗೆ ತಣ್ಣಗೇ ಇರುತ್ತದೆ. ಅದಕ್ಕೆ ಒತ್ತು ನೇಯ್ಗೆಯ, ಸುತ್ತಲೂ ಜಿಪ್ ಇರುವ ಗವಸು ಹಾಕಬೇಕು. ಒಗೆಯಲಾಗದ ಬೊಂಬೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದೆರಡು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಕೊಡವಬಹುದು. ಎದ್ದ ಕೂಡಲೇ ಹಾಸಿಗೆಯ ಮೇಲೆ ಹೊದಿಕೆ ಎಳೆದು ಅಂದವಾಗಿ ಮುಚ್ಚುವ ಅಭ್ಯಾಸ ಬಿಟ್ಟು, ಒಂದೆರಡು ಗಂಟೆ ತೆರೆದಿಟ್ಟು ಬೆವರು ಆರಲು ಬಿಡುವುದು ಒಳ್ಳೆಯದು. ಕಸಪೊರಕೆಗಿಂತ ಒದ್ದೆ ಬಟ್ಟೆ ವಾಸಿ. ನೂರಾರು ರೂಪಾಯಿಗೆ ಸಿಗುವ ಆರ್ದ್ರತೆಯ ಮಾಪಕವನ್ನು ಮಂಚದ ಪಕ್ಕ ಇಟ್ಟುಕೊಂಡರೆ, ಕಿಟಕಿ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಊಹೆಗೆ ಬಿಡಬೇಕಾಗಿಲ್ಲ.

ಇವುಗಳಲ್ಲಿ ಒಂದನ್ನು ಮಾತ್ರ ಮಾಡಿ ಸುಮ್ಮನಾದರೆ ಫಲ ಸಿಗುವುದು ಕಷ್ಟ. ಅಸ್ತಮಾ ಇದ್ದ 1,122 ವಯಸ್ಕರ ಮೇಲೆ ಬ್ರಿಟನ್ನಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗವಸಿನಿಂದ ಏನೂ ಪ್ರಯೋಜನ ಕಾಣಲಿಲ್ಲ. ಅಮೆರಿಕದ ನಗರಗಳ 937 ಮಕ್ಕಳ ಮನೆಗಳಲ್ಲಿ ಹಾಸಿಗೆ, ಜಿರಲೆ, ಸಿಗರೇಟಿನ ಹೊಗೆ ಎಲ್ಲವನ್ನೂ ಒಟ್ಟಿಗೆ ಹಿಡಿದು ಸರಿಪಡಿಸಿದಾಗ ಉಬ್ಬಸದ ದಿನಗಳು ಕಡಿಮೆಯಾದವು. ನುಸಿಗೆ ಅಲರ್ಜಿ ಇದ್ದು, ಉಬ್ಬಸ ಹೆಚ್ಚಾಗಿ ಆಸ್ಪತ್ರೆ ಸೇರಿದ್ದ ಮಕ್ಕಳಿಗೇ ಗವಸು ಕೊಟ್ಟು ಇಂಗ್ಲೆಂಡಿನಲ್ಲಿ ಮತ್ತೊಂದು ಪರೀಕ್ಷೆ ಮಾಡಿದರು. 2017ರ ಆ ವರದಿಯಲ್ಲಿ, ನುಸಿ ತಡೆಯುವ ಗವಸು ಸಿಕ್ಕವರಲ್ಲಿ ಒಂದು ವರ್ಷದೊಳಗೆ ಮತ್ತೆ ಆಸ್ಪತ್ರೆಗೆ ಓಡಬೇಕಾಗಿ ಬಂದವರು ಶೇ 29, ಸಾಮಾನ್ಯ ಗವಸಿನ ಮಕ್ಕಳಲ್ಲಿ ಶೇ 41. ಮಕ್ಕಳಿಗೆ, ಅದರಲ್ಲೂ ನುಸಿಯ ಅಲರ್ಜಿ ಇದೆಯೆಂದು ಗೊತ್ತಾದ ಮಕ್ಕಳಿಗೆ ಲಾಭ ಹೆಚ್ಚು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಗೊತ್ತುಮಾಡಿಕೊಳ್ಳುವುದು ಸುಲಭ: ಮುಂಗೈ ಮೇಲೆ ಒಂದು ಹನಿ ದ್ರವ, ಅದರ ಮೇಲೆ ಸೂಜಿಯ ಮೊನೆಯಿಂದ ಒಂದು ಚುಚ್ಚು, ಹದಿನೈದು ನಿಮಿಷದೊಳಗೆ ಮೂರು ಮಿಲಿಮೀಟರಿಗೂ ದೊಡ್ಡ ದದ್ದು ಎದ್ದರೆ ಅಲರ್ಜಿ ಇದೆ.

ಅಡುಗೆಮನೆಯತ್ತಲೂ ಒಂದು ಕಣ್ಣಿರಲಿ. ತೇವದಲ್ಲಿ ತೆರೆದಿಟ್ಟ ಮೈದಾ, ಗೋಧಿಹಿಟ್ಟಿನಲ್ಲೂ ನುಸಿ ಬೆಳೆಯುತ್ತದೆ. ಅಂಥ ಹಿಟ್ಟಿನ ತಿಂಡಿ ತಿಂದು, ನುಸಿಗೆ ಅಲರ್ಜಿ ಇದ್ದವರು ನಿಮಿಷಗಳಲ್ಲಿ ಉಸಿರುಕಟ್ಟಿ ಕುಸಿದ ಪ್ರಸಂಗಗಳು ಅಮೆರಿಕ, ವೆನೆಜುವೆಲಾಗಳಿಂದ ವರದಿಯಾಗಿವೆ. ಬೇಯಿಸಿದರೂ ಆ ಗುಣ ಪೂರ್ತಿ ಹೋಗುವುದಿಲ್ಲ. ಮಳೆಗಾಲದಲ್ಲಿ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ತಂದು ಬಿಗಿ ಡಬ್ಬಿಯಲ್ಲಿ ಫ್ರಿಜ್ಜಿನೊಳಗೆ ಇಡುವುದು ಮೇಲು.

ಇಷ್ಟೆಲ್ಲ ಮಾಡಿದ ಮನೆಯಲ್ಲೂ ಒಂದು ತಪ್ಪು ಆಗುತ್ತಿರುತ್ತದೆ. ಹಾಸಿಗೆ ಸ್ವಚ್ಛವಾಯಿತು, ಕೆಮ್ಮು ಕಡಿಮೆಯಾಯಿತು, ಇನ್ನು ಇನ್‌ಹೇಲರ್ ಬೇಡ ಎಂದು ತಾವಾಗಿಯೇ ನಿಲ್ಲಿಸಿಬಿಡುತ್ತಾರೆ. ಚಟವಾದೀತು, ಸ್ಟಿರಾಯ್ಡ್ ಮಗುವನ್ನು ಕೆಡಿಸೀತು ಎಂಬ ಭಯ ಅಜ್ಜಿಯಿಂದ ಅಪ್ಪನವರೆಗೆ ಎಲ್ಲರಲ್ಲೂ ಇದೆ. ಇನ್‌ಹೇಲರಿನ ಔಷಧಿ ಮೈಕ್ರೊಗ್ರಾಂ ಲೆಕ್ಕದಲ್ಲಿ ನೇರ ಶ್ವಾಸನಾಳಕ್ಕೆ ಹೋಗುವಂಥದ್ದು, ಅದರಿಂದ ಚಟ ಹತ್ತುವುದಿಲ್ಲ; ಕಡಿಮೆ ಮಾಡುವುದೂ ನಿಲ್ಲಿಸುವುದೂ ವೈದ್ಯರ ತೀರ್ಮಾನವಾಗಿರಲಿ. ಮಗುವಿಗೆ ಒಂದೇ ಉಸಿರಿನಲ್ಲಿ ವಾಕ್ಯ ಮುಗಿಸಲು ಆಗುತ್ತಿಲ್ಲ, ಉಸಿರೆಳೆದಾಗ ಪಕ್ಕೆಲುಬಿನ ಸಂದಿ ಒಳಗೆ ಸೆಳೆದುಕೊಳ್ಳುತ್ತಿದೆ, ತುಟಿ ನೀಲಿಗಟ್ಟುತ್ತಿದೆ ಎಂದರೆ ಹಬೆ, ಕಷಾಯ ಎಂದು ಕಾಯಬಾರದು. ಉಬ್ಬಸವನ್ನು ತಕ್ಷಣ ಇಳಿಸುವ ಇನ್‌ಹೇಲರ್ ಕೊಡುತ್ತಲೇ ಹತ್ತಿರದ ಆಸ್ಪತ್ರೆಗೆ ಹೊರಡಬೇಕು.